ಮುಂದಿನ ಸಾಲು

ಖಾಲಿ ಕುರ್ಚಿಗಳು ತನ್ನನ್ನೇ ನೋಡುತ್ತಿವೆ ಎಂದು ಲಕ್ಷ್ಮೀಪತಿಗೆ ಅನ್ನಿಸಿತು. ಶಾಲೆಯ ಮೈದಾನದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ, ಬಟ್ಟೆಯ ತೂತುಗಳಿಂದ ಇಳಿದ ಬಿಸಿಲಿನ ಚೂರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ತಗಡಿನ ಕುರ್ಚಿಗಳು ಸಾಲಾಗಿ ಕೂತಿದ್ದವು. ಅವನ್ನೆಲ್ಲ ಗಾಡಿಯಿಂದ ಇಳಿಸಿ, ಬಿಡಿಸಿ, ಸಾಲು ನೇರ ಮಾಡಿದವನು ಅವನೇ. ಒಂದು ಕುರ್ಚಿಯ ಸಂದಿಗೆ ಬೆರಳು ಸಿಕ್ಕಿ ಉಗುರು ನೀಲಿಗಟ್ಟಿತ್ತು. ಈಗ ಆ ಬೆರಳಿನಿಂದ ಷರಟಿನ ಮೇಲೆ ಚುಚ್ಚಿದ್ದ ಹಳದಿ ರಿಬ್ಬನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ರಿಬ್ಬನ್ನಿನ ಮೇಲೆ 'ಕಾರ್ಯಕರ್ತ' ಎಂದು ಕೆಂಪು ಅಕ್ಷರ. ರಾಜಾಜಿನಗರದ ಕನ್ನಡ ಬಳಗದವರು ಮೂರು ದಿನದ ಸಾಹಿತ್ಯೋತ್ಸವ ಮಾಡುತ್ತಾರೆ, ದೊಡ್ಡ ದೊಡ್ಡ ಲೇಖಕರು ಬಂದು ಮಾತಾಡುತ್ತಾರೆ ಎಂದು ಗೊತ್ತಾದ ದಿನವೇ ಅವನು ಹೆಸರು ಕೊಟ್ಟಿದ್ದ. ಹೆಸರು ಕೊಟ್ಟಿದ್ದು ಸಾಹಿತ್ಯದ ಮೇಲಿನ ಪ್ರೀತಿಯಿಂದಲೋ, ಬಳಗದ ಕಾರ್ಯದರ್ಶಿ ಶ್ಯಾಮಸುಂದರ ತನ್ನ ಆಫೀಸಿನ ಸೂಪರಿಂಟೆಂಡೆಂಟೂ ಆಗಿದ್ದದ್ದರಿಂದಲೋ ಎಂದು ರಾತ್ರಿ ಮಲಗಿದಾಗ ತನ್ನನ್ನೇ ಕೇಳಿಕೊಂಡು ಉತ್ತರ ಬರುವ ಮೊದಲೇ ಮಗ್ಗುಲು ಬದಲಿಸಿದ್ದ.

ಮೆಜೆಸ್ಟಿಕ್ ಕಡೆಯಿಂದ ಬರಬೇಕಾದ ಬಸ್ಸುಗಳು ಬೆಳಿಗ್ಗೆಯಿಂದ ನಿಂತುಬಿಟ್ಟಿದ್ದವು. ಡ್ರೈವರುಗಳ ಮುಷ್ಕರವಂತೆ. ಆದರೆ ಇವತ್ತಿನ ಭಾಷಣಕಾರರು, ಕಾದಂಬರಿಕಾರ ಪದ್ಮನಾಭ, ಕಾರಿನಲ್ಲಿ ಸರಿಯಾದ ಹೊತ್ತಿಗೆ ಬಂದಿಳಿದಿದ್ದರು. ಕಾರಿನ ಬಾಗಿಲು ತೆಗೆದವನು ಲಕ್ಷ್ಮೀಪತಿ. ಎರಡು ವಾರದಿಂದ ಅವನು ಆ ಕ್ಷಣಕ್ಕೆ ಒಂದು ಮಾತನ್ನು ಸಿದ್ಧಪಡಿಸಿಕೊಂಡಿದ್ದ. ನಿಮ್ಮ ಕಾದಂಬರಿಯ ನಾಯಕ ಕೋಣೆಯ ಬಾಗಿಲು ಹಾಕಿಕೊಂಡು ಕೂತಾಗ ನನಗೆ ನನ್ನನ್ನೇ ನೋಡಿದ ಹಾಗಾಯಿತು ಎನ್ನುವ ಮಾತು. ಮೊದಲು 'ಸಾರ್' ಎನ್ನಬೇಕೋ ಕೊನೆಯಲ್ಲಿ ಎನ್ನಬೇಕೋ ಎಂಬುದನ್ನೂ ಯೋಚಿಸಿದ್ದ. ಪದ್ಮನಾಭರು ತಮ್ಮ ಚೀಲವನ್ನೂ ಕೊಡೆಯನ್ನೂ ಅವನ ಕೈಗೆ ಕೊಟ್ಟು, "ಬಾತ್‌ರೂಮ್ ಎಲ್ಲಿದೆಯಪ್ಪ?" ಎಂದು ಕೇಳಿದರು. ಅವನು ತೋರಿಸಿದ. ಅವರು ಬರುವವರೆಗೆ ಆ ಗೋಡೆಯ ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದಾಗ, ತಾನು ಆ ಕಾದಂಬರಿಯನ್ನು ಅರ್ಧಕ್ಕೇ ನಿಲ್ಲಿಸಿದ್ದು ನೆನಪಾಗಿ, ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ. ಪೂರ್ತಿ ಓದಿದವಳು ಹೆಂಡತಿ ತುಂಗಾ. ಅನ್ನಕ್ಕೆ ಇಟ್ಟು ಒಲೆಯ ಮುಂದೆ ಕೂತು ಓದುತ್ತಿದ್ದಳು. ಒಂದು ದಿನ ಅನ್ನ ತಳ ಹಿಡಿದಿತ್ತು. ಆದರೂ ನೆನ್ನೆ ರಾತ್ರಿ ಅವಳು, "ನಾನೂ ಬರ್ಲೇನ್ರೀ ನಾಳೆ?" ಎಂದಾಗ ಅವನು, "ನಿನಗೆ ಬೇಜಾರಾಗುತ್ತೆ ಕಣೇ. ಎಲ್ಲಾ ದೊಡ್ಡ ದೊಡ್ಡ ಮಾತು," ಎಂದಿದ್ದ. ಟ್ರಂಕಿನಿಂದ ತೆಗೆದಿದ್ದ ಸೀರೆಯನ್ನು ಅವಳು ಮತ್ತೆ ಅದೇ ಮಡಿಕೆಯಲ್ಲಿ ಒಳಗಿಟ್ಟಳು. ಆಫೀಸಿನವರ ಹೆಂಡತಿಯರು ಬರುತ್ತಾರೆ, ಅವರ ನಡುವೆ ಇವಳು ವಠಾರದ ನಲ್ಲಿಯ ಜಗಳದ ಬಗ್ಗೆ ಮಾತು ತೆಗೆದರೆ ಎಂದು ತಾನು ಹೆದರಿದ್ದು ಅವಳಿಗೆ ಗೊತ್ತಾಗಲಿಲ್ಲ ಎಂದು ಅವನು ನಂಬಲು ಪ್ರಯತ್ನಿಸಿದ.

"ಏನ್ರೀ ಲಕ್ಷ್ಮೀಪತಿ, ಸುಮ್ನೆ ನಿಂತಿದೀರಲ್ಲ?" ಶ್ಯಾಮಸುಂದರನ ಧ್ವನಿ ಬೆನ್ನಿಗೆ ಬಿತ್ತು. ಅವನ ಹಣೆಯಲ್ಲಿ ಬೆವರು. "ಇಷ್ಟು ದೊಡ್ಡ ಮನುಷ್ಯರನ್ನ ಕರೆಸಿ ಕುರ್ಚಿಗಳಿಗೆ ಭಾಷಣ ಮಾಡ್ಸೋಕಾಗುತ್ತೇನ್ರೀ? ಜನ ಬೇಕು. ಎಲ್ಲಿಂದಾದ್ರೂ ತನ್ನಿ. ನಿಮ್ಮ ಮನೆ ಇಲ್ಲೇ ಅಲ್ವಾ?"

"ಇಲ್ಲೇ ಸಾರ್. ಆದ್ರೆ ನಮ್ಮ ವಠಾರದೋರು..."

"ಯಾರಾದ್ರೂ ಆಗ್ಲಿ. ಮುಂದಿನ ಸಾಲಾದ್ರೂ ತುಂಬಿದ ಹಾಗೆ ಕಾಣ್ಬೇಕು. ಓಡಿ."

ಅವನು ನಿಜಕ್ಕೂ ಓಡಿದ. ಓಡುತ್ತಾ, ನಾಲ್ಕು ಜನ ನೋಡುವ ರಸ್ತೆಯಲ್ಲಿ ಧೋತ್ರ ಎತ್ತಿಕೊಂಡು ಹೀಗೆ ಓಡುವುದು ಎಂಥ ಅವಮಾನ ಎಂದು ಯೋಚಿಸಿದ. ಆದರೆ ಕಾಲು ನಿಲ್ಲಲಿಲ್ಲ. ಅವನ ಕಾಲುಗಳಿಗೆ ಅವನನ್ನು ಕೇಳುವ ಅಭ್ಯಾಸವೇ ಇರಲಿಲ್ಲ. ಶ್ಯಾಮಸುಂದರ ಆಫೀಸಿನ ಬಾಗಿಲಿಗೆ ಬಂದರೆ ಸಾಕು, ಪೆನ್ನು ಇನ್ನೂ ಕಾಗದದ ಮೇಲಿದ್ದಂತೆಯೇ ಮೊಣಕಾಲು ತಾನಾಗಿ ನೇರವಾಗುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಕೋಟು ಹಾಕಿಕೊಂಡವರು ಪಕ್ಕದಲ್ಲಿ ನಿಂತರೆ ಎದ್ದುಬಿಡುತ್ತಿದ್ದ. ಅವನ ಮದುವೆಯ ದಿನ ಫೋಟೋದವನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಸಾರ್, ನೀವು ಸ್ವಲ್ಪ ಆಚೆ ಬನ್ನಿ, ಹೆಣ್ಣಿನ ಕಡೆಯೋರ್ದು ತೆಗೀತೀನಿ," ಎಂದಾಗ ಹಸೆಮಣೆಯಿಂದ ಎದ್ದು ಚಪ್ಪರದ ಕಂಬದ ಹತ್ತಿರ ಹೋಗಿ ನಿಂತಿದ್ದ. ಆ ಫೋಟೋ ಆಲ್ಬಮ್ಮಿನಲ್ಲಿ ಇನ್ನೂ ಇದೆ. ನಡುವೆ ತುಂಗಾ, ಸುತ್ತ ಅವಳ ಅಣ್ಣಂದಿರು, ಮೂಲೆಯಲ್ಲಿ ಪೇಟ ಕೈಯಲ್ಲಿ ಹಿಡಿದುಕೊಂಡ ಒಬ್ಬ ಅಪರಿಚಿತ. ಮೊದಮೊದಲು ತುಂಗಾ ಅದನ್ನು ತೋರಿಸಿ ನಗುತ್ತಿದ್ದಳು. ಆಮೇಲಾಮೇಲೆ ಆ ಪುಟ ಬಂದರೆ ಬೇಗ ತಿರುಗಿಸಿಬಿಡುತ್ತಿದ್ದಳು. ಅವಳು ನಗುತ್ತಿದ್ದದ್ದೇ ಮೇಲು ಎಂದು ಅವನಿಗೆ ಈಗ, ಓಡುತ್ತಿರುವಾಗ, ಅನ್ನಿಸಿತು.

ವಠಾರದ ಅಂಗಳದಲ್ಲಿ ನೀಲಗಂಗಮ್ಮ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಮೊಣಕೈವರೆಗೆ ಇದ್ದಿಲಿನ ಕಪ್ಪು. ಜಗಲಿಯ ಮೇಲೆ ಹನುಮಂತಯ್ಯ ಬೀಡಿ ಸೇದುತ್ತಿದ್ದ. ಬಟ್ಟೆ ಗಿರಣಿಯಲ್ಲಿ ಮಗ್ಗದ ಸದ್ದಿನ ನಡುವೆಯೇ ಆಯುಷ್ಯ ಕಳೆದು ನಿವೃತ್ತನಾದವನು. ಕಿವಿ ಮಂದ. ಅದಕ್ಕೇ ಎಲ್ಲರೊಡನೆಯೂ ಕೂಗಿ ಮಾತಾಡುತ್ತಿದ್ದ. ಮೂಲೆಯ ಮನೆಯ ಅಕ್ಕಯ್ಯಮ್ಮ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಿದ್ದಳು. ಇವರನ್ನು ಏನೆಂದು ಕರೆಯುವುದು? ಕುರ್ಚಿ ತುಂಬಬೇಕು ಬನ್ನಿ ಎನ್ನುವುದೇ?

"ನೀಲಗಂಗಮ್ನೋರೇ, ಅಲ್ಲಿ ಸ್ಕೂಲ್ ಹತ್ರ ಒಬ್ಬರು ದೊಡ್ಡ ಲೇಖಕರು ಬಂದಿದಾರೆ. ಕತೆ ಬರೆಯೋರು. ಬನ್ನಿ, ಕೇಳೋಣ."

"ನಮ್ಗ್ಯಾಕೆ ಸ್ವಾಮಿ ಅದೆಲ್ಲ? ಓದೋರ್ಗೆ ಅದು."

"ಇಲ್ಲ, ಇಲ್ಲ. ಅವರೇ ಹೇಳಿದ್ರು. ಇಲ್ಲಿಯ ಜನ ಬರ್ಬೇಕು ಅಂತ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅದು ಕ್ಷಣಕಾಲ ನಿಜವೆನ್ನಿಸಿತು. "ಮುಂದೇನೇ ಜಾಗ ಇಟ್ಟಿದೀವಿ ನಿಮಗೆ."

ನೀಲಗಂಗಮ್ಮ ಕೈ ನೋಡಿಕೊಂಡಳು. "ಕುರ್ಚೀನಾ?"

"ಕುರ್ಚೀನೇ."

ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ಕಲ್ಲಿಗೆ ಕೈ ತಿಕ್ಕಿ ತಿಕ್ಕಿ ತೊಳೆದಳು. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗಲಿಲ್ಲ. ಅಷ್ಟರಲ್ಲಿ ಅಕ್ಕಯ್ಯಮ್ಮ ಹಪ್ಪಳದ ಮೇಲೆ ಹಳೇ ಪಂಚೆ ಮುಚ್ಚಿ ಸಿದ್ಧಳಾಗಿದ್ದಳು. ಪಕ್ಕದ ವಠಾರದ ಹೆಂಗಸರೂ ಕೆಲವರು ಬಂದರು. ಹನುಮಂತಯ್ಯ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ. ತನ್ನ ಮನೆಯ ಬಾಗಿಲಲ್ಲಿ ತುಂಗಾ ಸೌಟು ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದದ್ದು ಲಕ್ಷ್ಮೀಪತಿಗೆ ಕೊನೆಗೆ ಕಂಡಿತು.

"ನೀನೂ ಬಾ," ಎಂದ.

"ಬೇಜಾರಾಗುತ್ತೆ ಅಂದ್ರಲ್ಲ?"

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು ಎಂದುಕೊಂಡು ಅವನು ಬೀದಿಗೆ ತಿರುಗಿದ. ಆದರೆ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಅವಳು ಆ ಸೀರೆಯನ್ನೇ ಉಟ್ಟು, ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ ಬಂದು ಹೆಂಗಸರ ಜೊತೆ ಸೇರಿಕೊಂಡಳು. ಅವನ ಕಡೆ ನೋಡಲಿಲ್ಲ.

ತುದಿಯ ಒಂದು ಕುರ್ಚಿ ಬಿಟ್ಟು ಮುಂದಿನ ಸಾಲು ತುಂಬಿತು. ಶ್ಯಾಮಸುಂದರನಿಗೆ ಎಷ್ಟು ಸಂತೋಷವಾಯಿತೆಂದರೆ ಅಕ್ಕಯ್ಯಮ್ಮನಿಗೆ ಕೈ ಮುಗಿದು, "ಬನ್ನಿ ತಾಯಿ, ಬನ್ನಿ," ಎಂದ. ನೀಲಗಂಗಮ್ಮ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳಲು ಅನುಕೂಲವಾಗುವಂತೆ, ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಳು. ಪದ್ಮನಾಭರು ಮಾತು ಪ್ರಾರಂಭಿಸಿದರು. ಮೊದಲು ಕಾಗದ ನೋಡಿಕೊಂಡು, ಆಮೇಲೆ ಕಾಗದ ಬಿಟ್ಟು. ಊರಿನ ನಡುವೆ ಇದ್ದೂ ಮನುಷ್ಯ ಹೇಗೆ ಒಂಟಿಯಾಗುತ್ತಾನೆ ಎಂದು ಹೇಳುತ್ತಾ ತಮ್ಮ ಕಾದಂಬರಿಯ ನಾಯಕನ ಕತೆಗೆ ಬಂದರು. ಅವನೊಬ್ಬ ಗುಮಾಸ್ತ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನು ಹೊಸ್ತಿಲಲ್ಲಿ ನಿಂತು, ವಾಪಸು ಬಂದು, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾನೆ. ಹನುಮಂತಯ್ಯ ಕಿವಿಗೆ ಅಂಗೈ ಒಡ್ಡಿ ಇಡೀ ಮೈಯನ್ನು ಮೈಕಿನ ಕಡೆ ಚಾಚಿದ್ದ. ಅಕ್ಕಯ್ಯಮ್ಮನ ತಲೆ ನಿಧಾನವಾಗಿ ವಾಲುತ್ತಿತ್ತು. ನೀಲಗಂಗಮ್ಮ ಮಾತ್ರ ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದಳು. ಯಾವುದೋ ಒಂದು ಮಾತಿಗೆ ಅವಳ ಕೈ ಸೆರಗಿನಿಂದ ಹೊರಗೆ ಬಂದು ತೊಡೆಯ ಮೇಲೆ ಕೂತಿತು. ಬೆನ್ನು ಹಿಂದಕ್ಕೆ ಒರಗಿತು. ಕಂಬದ ಪಕ್ಕದಲ್ಲಿ ನಿಂತು ಇದನ್ನು ನೋಡುತ್ತಿದ್ದ ಲಕ್ಷ್ಮೀಪತಿಗೆ ತಾನು ಹೇಳಿದ ಸುಳ್ಳಿನ ಋಣ ಹೇಗೋ ತೀರಿಹೋಯಿತು ಎನ್ನಿಸಿ ಮೈ ಹಗುರವಾಯಿತು.

ಆಗ ಗೇಟಿನ ಹೊರಗೆ ಎರಡು ವ್ಯಾನುಗಳು ಬಂದು ನಿಂತವು. ಕಾಲೇಜಿನ ಮೇಷ್ಟರುಗಳು, ಅವರ ಹಿಂದೆ ಬಳಗಕ್ಕೆ ಬೇಕಾದ ಒಬ್ಬ ಸರ್ಕಾರಿ ಡೈರೆಕ್ಟರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಷಡ್ಡಕ. ಶ್ಯಾಮಸುಂದರ ಗೇಟಿಗೂ ವೇದಿಕೆಗೂ ನಡುವೆ ಒಮ್ಮೆ ಓಡಾಡಿ, ಲಕ್ಷ್ಮೀಪತಿಯ ಮೊಣಕೈ ಹಿಡಿದ.

"ನಿಮ್ಮೋರನ್ನ ಎಬ್ಬಿಸಿ."

"ನಮ್ಮೋರು?"

"ಅದೇ ರೀ, ವಠಾರದೋರು. ಹಿಂದೆ ಹೋಗಿ ಕೂತ್ಕೊಳ್ಳೋಕೆ ಹೇಳಿ."

"ಹಿಂದೆ ಬೇಕಾದಷ್ಟು ಖಾಲಿ ಇದೆಯಲ್ಲ ಸಾರ್. ಬಂದೋರು ಅಲ್ಲೇ..."

"ಡೈರೆಕ್ಟರನ್ನ ಹಿಂದೆ ಕೂರಿಸೋದೇನ್ರೀ? ತಲೆ ಇದೆಯಾ ನಿಮಗೆ? ಹೋಗಿ, ಮೆಲ್ಲಗೆ ಹೇಳಿ. ನೀವು ಕರ್ಕೊಂಡ್ ಬಂದೋರು, ನಿಮ್ಮ ಮಾತು ಕೇಳ್ತಾರೆ."

ಎಷ್ಟು ಸಣ್ಣ ವಿಷಯ. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಹತ್ತು ಹೆಜ್ಜೆ. ಅಲ್ಲಿಯೂ ಕುರ್ಚಿಯೇ, ಅದೇ ತಗಡಿನದು, ಅಲ್ಲಿಯೂ ಮೈಕು ಕೇಳುತ್ತದೆ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾಳೆ ನಲ್ಲಿಯ ಹತ್ತಿರ ಇದು ಯಾರಿಗೂ ನೆನಪಿರುವುದಿಲ್ಲ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಾ ಲಕ್ಷ್ಮೀಪತಿ ಬಗ್ಗಿ, ವೇದಿಕೆಗೆ ಅಡ್ಡವಾಗದಂತೆ, ಸಾಲಿನ ಮುಂದೆ ನಡೆದು ನೀಲಗಂಗಮ್ಮನ ಹತ್ತಿರ ಬಂದ. ಬಾಯಿ ತೆರೆದ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಅವನಿನ್ನೂ ಒಂದು ಅಕ್ಷರವನ್ನೂ ಆಡಿರಲಿಲ್ಲ. ಆದರೆ ಅವಳ ಕೈ ಆಗಲೇ ಸೆರಗಿನೊಳಗೆ ಹೋಗಿತ್ತು, ಮೊಣಕಾಲು ನೇರವಾಗುತ್ತಿತ್ತು, ಕುರ್ಚಿಯಿಂದ ಅರ್ಧ ಎದ್ದಾಗಿತ್ತು. ಮುಖದಲ್ಲಿ ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಇಷ್ಟು ಹೊತ್ತು ಕೂರಿಸಿದ್ದೇ ಹೆಚ್ಚು ಎನ್ನುವ ಹಾಗೆ, ತಪ್ಪು ತನ್ನದೇ ಎನ್ನುವ ಹಾಗೆ, ಒಂದು ಸಣ್ಣ ನಗೆ. ಆ ನಗೆ ಅವನಿಗೆ ಗೊತ್ತಿತ್ತು. ಅದನ್ನು ಅವನು ಕನ್ನಡಿಯಲ್ಲಿ ನೋಡಿರಲಿಲ್ಲ, ಆದರೆ ತನ್ನ ಮುಖದ ಚರ್ಮದ ಒಳಗಿನಿಂದ ಎಷ್ಟೋ ವರ್ಷದಿಂದ ಬಲ್ಲವನಾಗಿದ್ದ. ಅವನು ಬಗ್ಗಿದ್ದ ಬೆನ್ನನ್ನು ನೇರ ಮಾಡಿ ನಿಂತ.

"ಕೂತ್ಕೊಳ್ಳಿ," ಎಂದ.

"ಬೇಡ ಬಿಡಿ ಸ್ವಾಮಿ, ಯಾರೋ ದೊಡ್ಡೋರು ಬಂದವ್ರೆ..."

"ಕೂತ್ಕೊಳ್ಳಿ ನೀಲಗಂಗಮ್ನೋರೇ. ಯಾರೂ ಏಳ್ಬೇಡಿ."

ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ತುಂಗಾ ತಿರುಗಿ ನೋಡಿದಳು. ಶ್ಯಾಮಸುಂದರ ಆಗಲೇ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಹಿಂದೆ ಸ್ವಲ್ಪ ದೂರದಲ್ಲಿ ಡೈರೆಕ್ಟರು ಮುಗುಳ್ನಗುತ್ತಾ, ಶಾಮಿಯಾನದ ಬಣ್ಣ ನೋಡುತ್ತಾ ಕಾಯುತ್ತಿದ್ದರು.

"ಏನ್ ನಡೀತಿದೆ ಇಲ್ಲಿ?" ಶ್ಯಾಮಸುಂದರ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಇವರು ಏಳೋದಿಲ್ಲ ಸಾರ್."

"ಅವರು ಎದ್ದೇ ಇದ್ದಾರೆ ಕಣ್ರೀ! ನೀವೇ ಕೂರಿಸ್ತಿರೋದು."

"ಹೌದು. ನಾನೇ ಕೂರಿಸ್ತಿರೋದು. ಯಾರೂ ಇಲ್ದೇ ಇದ್ದಾಗ ಇವರು ಬೇಕಾಗಿದ್ರು. ನೀವೇ ಕೈ ಮುಗಿದ್ರಿ. ಮನೆ ಕೆಲಸ ಬಿಟ್ಟು ಬಂದಿದಾರೆ. ಈಗ ಹಿಂದೆ ಹೋಗಿ ಅಂತ ನನ್ನ ಬಾಯಿಂದ ಬರೋದಿಲ್ಲ."

"ಸೋಮವಾರ ಆಫೀಸಿಗೆ ಬರ್ತೀರಲ್ಲ ನೀವು?"

"ಬರ್ತೀನಿ. ಇದು ಆಫೀಸಲ್ಲ ಸಾರ್."

ಸಾಲಿನ ತುದಿಯಲ್ಲಿ ತುಂಗಾಳ ಪಕ್ಕ ಒಂದು ಕುರ್ಚಿ ಖಾಲಿಯಿತ್ತು. ಅವನು ಹೋಗಿ ಅದರಲ್ಲಿ ಕೂತ. ಕೂತ ಮೇಲೆ, ಬೆಳಿಗ್ಗೆಯಿಂದ ತಾನು ಒಮ್ಮೆಯೂ ಕೂತಿರಲಿಲ್ಲ ಎಂಬುದು ತೊಡೆಗಳಿಗೆ ತಿಳಿಯಿತು. ವೇದಿಕೆಯ ಮೇಲೆ ಪದ್ಮನಾಭರು ಮಾತು ನಿಲ್ಲಿಸಿ ಕನ್ನಡಕ ತೆಗೆದಿದ್ದರು.

"ಏನಾದ್ರೂ ತೊಂದರೆಯಾ? ಹಿಂದೆ ಕೂತ್ರೂ ನನ್ನ ಮಾತು ಕೇಳಿಸುತ್ತೆ ಅಂದ್ಕೊಂಡಿದೀನಿ," ಎಂದರು. ಯಾರಿಗೆ ಹೇಳಿದರೋ ಸ್ಪಷ್ಟವಾಗಲಿಲ್ಲ. ಶ್ಯಾಮಸುಂದರ ಅದು ತನ್ನ ಪರವಾದ ಮಾತೆಂದು ತಲೆಯಾಡಿಸಿದ. ಆದರೆ ಡೈರೆಕ್ಟರು ಅದನ್ನು ತಮಗೇ ಹೇಳಿದ್ದೆಂದುಕೊಂಡು, "ಓ, ಖಂಡಿತ, ಖಂಡಿತ," ಎನ್ನುತ್ತಾ ಸಂಸಾರ ಸಮೇತ ಮೂರನೆಯ ಸಾಲಿನಲ್ಲಿ ಕೂತುಬಿಟ್ಟರು. ಷಡ್ಡಕ ಕರವಸ್ತ್ರದಿಂದ ಕುರ್ಚಿ ಒರೆಸಿಕೊಂಡ. ಅಷ್ಟೇ. ಶಾಮಿಯಾನ ಕುಸಿಯಲಿಲ್ಲ. ಅಷ್ಟು ಸುಲಭವಾಗಿತ್ತೇ ಎಂದು ಲಕ್ಷ್ಮೀಪತಿಗೆ ಒಂದು ಥರದ ಕೋಪ ಬಂತು. ಇಷ್ಟು ವರ್ಷ ಎದ್ದು ನಿಂತದ್ದೆಲ್ಲ ಯಾರಿಗೂ ಬೇಕಿರದಿದ್ದ ಕೆಲಸವಾಗಿತ್ತೇ?

ಈ ಗೊಂದಲದಲ್ಲಿ ಏನಾಯಿತೆಂದು ಕೇಳಿಸದೆ ಕಾಯುತ್ತಿದ್ದ ಹನುಮಂತಯ್ಯ ತಾಳ್ಮೆಗೆಟ್ಟು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ: "ಮುಂದ್ಕೆ ಹೇಳಿ ಸ್ವಾಮಿ! ಆ ಮನ್ಸ ರೂಮಿಂದ ಆಚೆ ಬಂದ್ನಾ, ಇಲ್ವಾ?"

ಮೇಷ್ಟರುಗಳು ನಕ್ಕರು. ಪದ್ಮನಾಭರೂ ನಕ್ಕರು. "ಬರೋದಿಲ್ಲ ಯಜಮಾನರೇ. ಅವನ ದುರಂತವೇ ಅದು."

"ಕೊನೇಲಿ ಚಿಲಕ ತೆಗೀತಾನಲ್ಲ ಸಾರ್?"

ಹೇಳಿದವಳು ತುಂಗಾ. ಎದ್ದು ನಿಂತಿರಲಿಲ್ಲ. ಕೂತಲ್ಲಿಂದಲೇ, ಅಂಗಡಿಯವನ ತಕ್ಕಡಿಯ ಬಗ್ಗೆ ಕೇಳುವಂಥ ಧ್ವನಿಯಲ್ಲಿ ಹೇಳಿದ್ದಳು. ಲಕ್ಷ್ಮೀಪತಿ ತಟ್ಟನೆ ಅವಳ ಕಡೆ ತಿರುಗಿದ. ಆ ಕೊನೆ ಅವನಿಗೆ ಗೊತ್ತಿರಲಿಲ್ಲ. ಅವನ ಓದು ನಿಂತ ಪುಟದಲ್ಲಿ ಆ ಗುಮಾಸ್ತ ಇನ್ನೂ ಗೋಡೆಗೆ ಒರಗಿಕೊಂಡು ಕೂತೇ ಇದ್ದ.

"ತೆಗೀತಾನಮ್ಮ," ಪದ್ಮನಾಭರು ಮೈಕಿನಿಂದ ಸ್ವಲ್ಪ ಮುಂದೆ ಬಾಗಿ ಅವಳನ್ನು ಹುಡುಕಿದರು. "ಚಿಲಕ ತೆಗೀತಾನೆ. ಆಚೆ ಬಂದ ಅಂತ ಬರೆದಿಲ್ಲ ನಾನು."

"ಆಚೆ ಬರೋಕಲ್ದೆ ಇನ್ಯಾಕೆ ತೆಗೀತಾನೆ? ನಾನು ಅವನು ಬಂದ ಅಂತಲೇ ಓದಿದೆ."

"ಗಾಳಿಗೆ ಇರಬಹುದು. ಅಭ್ಯಾಸಬಲ ಇರಬಹುದು."

"ಇಲ್ಲ ಸಾರ್," ಎಂದಳು ತುಂಗಾ. "ಅವನು ಚಪ್ಪಲಿ ಹಾಕ್ಕೋತಾನೆ."

ಪದ್ಮನಾಭರು ನಿಜವಾದ ಸಂತೋಷದಿಂದ ನಕ್ಕು, "ಹಾಕ್ಕೋತಾನೆ, ಹೌದು," ಎಂದು ಒಪ್ಪಿ, ಒಬ್ಬ ಮನುಷ್ಯ ಎಲ್ಲಿಗೂ ಹೋಗದೆ ಚಪ್ಪಲಿ ಹಾಕಿಕೊಳ್ಳುವುದು ಸಾಧ್ಯವೇ ಎಂದು ಅವಳೊಡನೆ ವಾದಕ್ಕಿಳಿದರು. ಮೇಷ್ಟರೊಬ್ಬರು ಹಿಂದಿನಿಂದ ಸೇರಿಕೊಂಡರು. ಎಚ್ಚರಗೊಂಡ ಅಕ್ಕಯ್ಯಮ್ಮ, "ಯಾರಿಗೆ ಚಪ್ಪಲಿ ಕಳೆದುಹೋಯ್ತು?" ಎಂದು ಗಾಬರಿಯಿಂದ ಕೇಳಿದಳು. ಎಲ್ಲರೂ ನಗುತ್ತಿದ್ದರು. ಲಕ್ಷ್ಮೀಪತಿ ಮಾತ್ರ ಹೆಂಡತಿಯ ಪಕ್ಕದ ಮುಖವನ್ನು, ಕಿವಿಯ ಹಿಂದೆ ಆತುರದಲ್ಲಿ ಸಿಕ್ಕಿಸಿದ್ದ ಕೂದಲನ್ನು, ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಇವಳನ್ನು ನೆನ್ನೆ ರಾತ್ರಿ ಬೇಡ ಎಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ನಾಚಿಕೆಯನ್ನು ಅವನು ತಳ್ಳಿಹಾಕಲಿಲ್ಲ. ಇದೊಂದು ತನಗೆ ಸಲ್ಲಬೇಕಾದದ್ದು ಎಂದು ಇಟ್ಟುಕೊಂಡ.

ಮಧ್ಯಾಹ್ನ, ಉಪ್ಪಿಟ್ಟಿನ ಎಲೆಗಳನ್ನು ಎತ್ತುತ್ತಿದ್ದ ಹೊತ್ತಿಗೆ ಶ್ಯಾಮಸುಂದರ ಅವನನ್ನು ಶಾಲೆಯ ಜಗಲಿಯ ಕೊನೆಗೆ ಕರೆದ. ಈಗ ಅವನ ಧ್ವನಿ ತಣ್ಣಗಿತ್ತು. "ನಮ್ಮ ಕೆಂಗೇರಿ ಗೋಡೌನಿಗೆ ಒಬ್ಬರು ಬೇಕು ಅಂತ ಕೇಳ್ತಿದ್ರು. ನಿಮ್ಮ ಹೆಸರು ಕಳಿಸ್ತೀನಿ. ಇನ್ನು ನಾಳೆ ಇಲ್ಲಿಗೆ ಬರೋದು ಬೇಡ. ಕಾರ್ಯಕರ್ತರು ಬೇಕಾದಷ್ಟು ಜನ ಇದಾರೆ."

ಕೆಂಗೇರಿಗೆ ಎರಡು ಬಸ್ಸು ಬದಲಾಯಿಸಬೇಕು. ಗೋಡೌನಿನಲ್ಲಿ ಫ್ಯಾನು ಇಲ್ಲ, ಇಲಿಗಳಿವೆ ಎಂದು ಅಲ್ಲಿ ಇದ್ದು ಬಂದವರು ಹೇಳುತ್ತಿದ್ದರು. ಲಕ್ಷ್ಮೀಪತಿ ಇದನ್ನೆಲ್ಲ ಕ್ರಮವಾಗಿ ಯೋಚಿಸಿದ. ಭಯವಾಯಿತು. ಕ್ಷಮಿಸಿ ಎನ್ನುವ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ಅಲ್ಲಿಯೇ ನಿಲ್ಲಗೊಟ್ಟು, "ಕಳಿಸಿ ಸಾರ್," ಎಂದು ಕೈ ತೊಳೆಯಲು ಹೋದ.

ರಾತ್ರಿ ತುಂಗಾಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಕೆಂಗೇರಿ ಏನು ಕಾಡಾ? ಬುತ್ತಿ ಕಟ್ಟಿಕೊಟ್ರಾಯ್ತು," ಎಂದಳು. ಆಮೇಲೆ, "ನನ್ನ ಯಾಕೆ ಬೇಡ ಅಂದ್ರಿ ನೆನ್ನೆ?" ಎಂದಳು. ಅವನು ಸುಳ್ಳು ಹೇಳಬಹುದಾಗಿತ್ತು. "ನಾಚಿಕೆ ಆಯ್ತು," ಎಂದ. "ನಿನ್ನಿಂದಲ್ಲ. ನನಗೆ ನಾಚಿಕೆ ಆಗೋದೇ ಅಭ್ಯಾಸ." ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಕಿಟಕಿಯಾಚೆ ಎಸೆದಳು. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದು ತಿಳಿಯಿತು.

ಭಾನುವಾರ ಬೆಳಿಗ್ಗೆ ಅವನು ನಿಧಾನವಾಗಿ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ದಬದಬ ಸದ್ದಾಯಿತು. ಹನುಮಂತಯ್ಯ ಅದೇ ಕೋಟಿನಲ್ಲಿ ನಿಂತಿದ್ದ. ಹಿಂದೆ ನೀಲಗಂಗಮ್ಮ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಅವಳ ಹಿಂದೆ ಅಕ್ಕಯ್ಯಮ್ಮ, ಆಚೆ ವಠಾರದ ಹೆಂಗಸರು.

"ಇನ್ನೂ ಹೊರಟಿಲ್ವಾ ಸ್ವಾಮಿ?" ನೀಲಗಂಗಮ್ಮ ಕೇಳಿದಳು. "ತಡ ಆದ್ರೆ ಮುಂದ್ಗಡೆ ಕುರ್ಚಿ ಸಿಗಾಕಿಲ್ಲ."

"ಇವತ್ತು ನನಗೆ ಅಲ್ಲಿ ಕೆಲಸ ಇಲ್ಲ. ಬರ್ಬೇಡಿ ಅಂದಿದಾರೆ."

"ನಮ್ಗೆ ಯಾರೂ ಬರ್ಬ್ಯಾಡಿ ಅಂದಿಲ್ವಲ್ಲ," ಎಂದಳು ಅವಳು. ಇದನ್ನು ಅವಳು ವಾದವೆಂದು ಹೇಳಲಿಲ್ಲ. ಇದ್ದ ಸಂಗತಿ ಹೇಳಿದಳು.

ಅವನು ಅರ್ಧ ಕೆರೆದ ಮುಖವನ್ನು ಪೂರ್ತಿ ಮಾಡಿ, ತೊಳೆದು, ಷರಟು ಹಾಕಿಕೊಂಡ. ತುಂಗಾ ಆಗಲೇ ಬೀಗ ಹಿಡಿದು ಹೊಸ್ತಿಲಾಚೆ ನಿಂತಿದ್ದಳು. ಬೀದಿಯ ಅಗಲಕ್ಕೂ ಹರಡಿಕೊಂಡು ಅವರು ನಡೆದರು. ಸೈಕಲ್ಲಿನವರು ಗಂಟೆ ಬಾರಿಸಿದರೆ ಹನುಮಂತಯ್ಯನಿಗೆ ಕೇಳಿಸುತ್ತಿರಲಿಲ್ಲ, ಉಳಿದವರು ಕೇಳಿಸಿಕೊಳ್ಳಲಿಲ್ಲ. ಶಾಲೆಯ ಗೇಟಿನಲ್ಲಿ ಶ್ಯಾಮಸುಂದರ ಹೊಸ ಅತಿಥಿಗಾಗಿ ಹಾರ ಹಿಡಿದು ನಿಂತಿದ್ದ. ಒಳಗೆ ಕುರ್ಚಿಗಳು ಇನ್ನೂ ಪೂರ್ತಿ ಖಾಲಿ ಇದ್ದವು. ಅವನು ಲಕ್ಷ್ಮೀಪತಿಯನ್ನು ನೋಡಿದ, ಹಿಂದಿದ್ದವರನ್ನು ನೋಡಿದ, ಗೇಟಿನ ನಡುವೆ ಬಂದ.

"ನೆನ್ನೆನೇ ಹೇಳಿದ್ದೆ ನಿಮಗೆ. ಇವತ್ತು ಕೆಲಸ ಇಲ್ಲ ಅಂತ."

"ಕೆಲಸಕ್ಕೆ ಬಂದಿಲ್ಲ ಸಾರ್," ಎಂದ ಲಕ್ಷ್ಮೀಪತಿ. "ಕೇಳೋಕೆ ಬಂದಿದೀವಿ."

"ಭಾಷಣ ಕೇಳೋಕೋ, ಪ್ರಶ್ನೆ ಕೇಳೋಕೋ?"

"ಎರಡಕ್ಕೂ," ಎಂದಳು ತುಂಗಾ. ಹಾರದಿಂದ ಉದುರಿದ್ದ ಹೂವಿನ ಎಸಳುಗಳನ್ನು ದಾಟಿ, ಶ್ಯಾಮಸುಂದರ ಪಕ್ಕಕ್ಕೆ ಸರಿಯುವುದನ್ನು ಕಾಯದೆ, ಒಳಗೆ ನಡೆದಳು.